ದಿನಕ್ಕೊಂದು ಮಿಲಿಮೀಟರ್

ಕರ್ನಾಟಕ ಪೊಲೀಸ್ ಇಲಾಖೆಯಲ್ಲಿ ಸಿವಿಲ್ ಕಾನ್‌ಸ್ಟೇಬಲ್ ಆಗಬೇಕೆಂದರೆ ಗಂಡಸರ ಎತ್ತರ ಕನಿಷ್ಠ 168 ಸೆಂಟಿಮೀಟರ್, ಹೆಂಗಸರದು 157. ಕೇಂದ್ರದ ಅರೆಸೇನಾ ಪಡೆಗಳಲ್ಲಿ ಗಂಡಸರಿಗೆ 170. ಕೆಲವು ಸಮುದಾಯಗಳಿಗೆ ರಿಯಾಯಿತಿ ಉಂಟು. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರದ ಮೈದಾನಗಳಲ್ಲಿ ನಸುಕಿಗೇ ಎದ್ದು ಓಡುವ ಹುಡುಗರಿಗೆ ಈ ಅಂಕಿಗಳೆಲ್ಲ ಬಾಯಿಪಾಠ. ಓಟ ರೂಢಿಸಿಕೊಳ್ಳಬಹುದು, ಲಿಖಿತ ಪರೀಕ್ಷೆಗೆ ಕಲಬುರಗಿಗೆ ಹೋಗಿ ಕೋಚಿಂಗ್ ಸೇರಬಹುದು. ಅಳತೆಪಟ್ಟಿಯ ಕೆಳಗೆ ನಿಂತಾಗ 164 ಬಂದರೆ ಮಾಡುವುದೇನು? 167.5 ಬಂದವನಿಗಾದರೂ ಒಂದು ಸಣ್ಣ ಆಸರೆ ಇದೆ. ಬೆನ್ನೆಲುಬಿನ ನಡುವಿನ ಬಿಲ್ಲೆಗಳು ರಾತ್ರಿ ನೀರು ಹೀರಿ ಉಬ್ಬುವುದರಿಂದ ಬೆಳಿಗ್ಗೆ ಎದ್ದಾಗ ಮನುಷ್ಯ ಸಂಜೆಗಿಂತ ಸುಮಾರು ಒಂದು ಸೆಂಟಿಮೀಟರ್ ಎತ್ತರ ಇರುತ್ತಾನೆ. 164ರವನಿಗೆ ಅದೂ ಸಾಲದು.

ಪತ್ರಿಕೆಯ ಮೂಲೆಯ ಜಾಹೀರಾತು, ಮೊಬೈಲಿನ ವಿಡಿಯೋ ಎಲ್ಲವೂ ಪುಡಿ, ಮಾತ್ರೆ, ಕಂಬಿಗೆ ಜೋತಾಡುವ ಕಸರತ್ತು ತೋರಿಸುತ್ತವೆ. ಅವುಗಳ ಸಂಗತಿ ಎರಡು ಮಾತಿನಲ್ಲಿ ಮುಗಿಯುತ್ತದೆ. ಕೈಕಾಲಿನ ಉದ್ದೆಲುಬುಗಳ ತುದಿಯ ಹತ್ತಿರ ಮೃದ್ವಸ್ಥಿಯ ಒಂದು ತೆಳುಪಟ್ಟಿ ಇರುತ್ತದೆ, ಬೆಳವಣಿಗೆ ನಡೆಯುವುದು ಅಲ್ಲಿ. ಹೆಣ್ಣುಮಕ್ಕಳಲ್ಲಿ ಸಾಮಾನ್ಯವಾಗಿ 14ರಿಂದ 16, ಗಂಡುಮಕ್ಕಳಲ್ಲಿ 16ರಿಂದ 18ರ ಹೊತ್ತಿಗೆ ಆ ಪಟ್ಟಿ ಎಲುಬಾಗಿ ಮುಚ್ಚಿಕೊಳ್ಳುತ್ತದೆ. ಮುಚ್ಚಿದ್ದನ್ನು ತೆರೆಯುವ ಪುಡಿ ಎಲ್ಲೂ ಇಲ್ಲ.

ಆಮೇಲೆ ಉಳಿಯುವ ದಾರಿ ಒಂದೇ: ಎಲುಬು ಕತ್ತರಿಸಿ ಎಳೆಯುವುದು. ಇದು ಜಾಹೀರಾತಿನ ಸುಳ್ಳಲ್ಲ, ನಿಜವಾಗಿಯೂ ಆಗುತ್ತದೆ. ಪೋಲಿಯೋದಿಂದ ಒಂದು ಕಾಲು ಗಿಡ್ಡಾದವರಿಗೆ, ಅಪಘಾತದಲ್ಲಿ ಎಲುಬು ಕಳೆದುಕೊಂಡವರಿಗೆ ದಶಕಗಳಿಂದ ಮಾಡುತ್ತ ಬಂದಿದ್ದಾರೆ. ಈಗ ಎರಡೂ ಕಾಲು ನೆಟ್ಟಗಿರುವವರು ಬರಿ ಎತ್ತರಕ್ಕಾಗಿ ಅದನ್ನು ಕೇಳಿಕೊಂಡು ಬರುತ್ತಿದ್ದಾರೆ. ಬಂದವರು ಮೊದಲು ವಿಚಾರಿಸುವುದು ಡಾಕ್ಟರು ಯಾರು, ಖರ್ಚೆಷ್ಟು ಅಂತ. ಎಲ್ಲಿ ಎನ್ನುವುದನ್ನು ಡಾಕ್ಟರ ಹೆಸರಿನ ಬಾಲವೆಂದು ತಿಳಿದಿರುತ್ತಾರೆ. ಈ ಆಪರೇಷನ್ನಿನ ಮಟ್ಟಿಗೆ ಊರೂ ಡಾಕ್ಟರಷ್ಟೇ ಮುಖ್ಯ. ಅದಕ್ಕೆ ಕಾರಣ ಎಲುಬಿನ ಸ್ವಭಾವದಲ್ಲೇ ಇದೆ.

2016ರ ಏಪ್ರಿಲಿನಲ್ಲಿ ಹೈದರಾಬಾದಿನಲ್ಲಿ ಒಂದು ಪ್ರಕರಣ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಇಪ್ಪತ್ತರ ಆಸುಪಾಸಿನ ಒಬ್ಬ ಸಾಫ್ಟ್‌ವೇರ್ ಉದ್ಯೋಗಿ, ಎತ್ತರ ಐದು ಅಡಿ ಏಳು ಇಂಚು. ಅಂದರೆ ನಮ್ಮ ಪೊಲೀಸ್ ಅಳತೆಯನ್ನು ಆಗಲೇ ದಾಟಿದವನು. ಮನೆಯಲ್ಲಿ ಯಾರಿಗೂ ಹೇಳದೆ ಖಾಸಗಿ ಆಸ್ಪತ್ರೆ ಸೇರಿ ಎರಡೂ ಕಾಲು ಉದ್ದ ಮಾಡಿಸಿಕೊಳ್ಳಲು ಆಪರೇಷನ್ ಮಾಡಿಸಿಕೊಂಡ. ಮನೆಯವರು ಮಗ ಕಾಣೆಯಾಗಿದ್ದಾನೆಂದು ಪೊಲೀಸರಿಗೆ ದೂರು ಕೊಟ್ಟರು. ಹುಡುಕಿಕೊಂಡು ಬಂದಾಗ ಅವನು ಮಂಚದ ಮೇಲೆ, ಕಾಲು ಅಲುಗಿಸಲಾಗದ ಸ್ಥಿತಿಯಲ್ಲಿ. ವಯಸ್ಕ, ಸ್ವಂತ ಒಪ್ಪಿಗೆ ಕೊಟ್ಟಿದ್ದಾನೆ ಎಂದು ಆಸ್ಪತ್ರೆಯ ವಾದ. ಇಷ್ಟು ದೊಡ್ಡದನ್ನು ಹೆತ್ತವರಿಗೆ ತಿಳಿಸಬಾರದಿತ್ತೇ ಎಂದು ತಂದೆತಾಯಿ. ವಿಷಯ ರಾಜ್ಯದ ವೈದ್ಯಕೀಯ ಪರಿಷತ್ತಿನ ಮೆಟ್ಟಿಲೇರಿತು, ಟಿವಿಯಲ್ಲಿ ಒಪ್ಪಿಗೆಯ ಕುರಿತು ಚರ್ಚೆಯೋ ಚರ್ಚೆ.

ಕಾನೂನಿನ ಲೆಕ್ಕದಲ್ಲಿ 18 ತುಂಬಿದವನ ಒಪ್ಪಿಗೆ ಸಾಕು, ನಿಜ. ಆದರೆ ಆ ಚರ್ಚೆಯಲ್ಲಿ ಯಾರೂ ಎತ್ತದ ಮಾತೊಂದಿತ್ತು. ಇದು ಗುಟ್ಟಾಗಿ ಮಾಡಿಸಿಕೊಳ್ಳಬಹುದಾದ ಆಪರೇಷನ್ನೇ ಅಲ್ಲ. ಅಪೆಂಡಿಕ್ಸ್ ತೆಗೆಸಿಕೊಂಡು ವಾರದಲ್ಲಿ ರೂಮಿಗೆ ಮರಳಬಹುದು. ಇಲ್ಲಿ ಕೊಯ್ಯುವುದು ಎರಡು ಮೂರು ತಾಸಿನ ಕೆಲಸ, ಉಳಿದದ್ದು ಆರು ತಿಂಗಳು. ಆ ಆರು ತಿಂಗಳು ಯಾರ ಮನೆಯಲ್ಲಿ, ಯಾರ ಕೈಯ ಊಟದಲ್ಲಿ, ಯಾವ ಪಾಯಖಾನೆ ಬಳಸಿಕೊಂಡು ಕಳೆಯುವುದು ಎಂಬುದನ್ನು ಗೊತ್ತು ಮಾಡಿಕೊಳ್ಳದೆ ಥಿಯೇಟರಿಗೆ ಕರೆದೊಯ್ಯುವ ಡಾಕ್ಟರು ಕೈಚಳಕದಲ್ಲಿ ಎಷ್ಟೇ ದೊಡ್ಡವರಿರಲಿ, ಈ ಕೆಲಸಕ್ಕೆ ತಕ್ಕವರಲ್ಲ.

ಆರು ತಿಂಗಳು ಯಾಕೆ ಬೇಕು ಎನ್ನುವುದಕ್ಕೆ ಸೈಬೀರಿಯಾಕ್ಕೆ ಹೋಗಬೇಕು.

ಕಾಲು ಉದ್ದ ಮಾಡುವ ಪ್ರಯತ್ನ ಹಳೆಯದು. ಇಟಲಿಯ ಬೊಲೋನ್ಯಾದಲ್ಲಿ ಅಲೆಸಾಂಡ್ರೊ ಕೊದಿವಿಲ್ಲಾ 1905ರಲ್ಲೇ ತೊಡೆಯೆಲುಬು ಕತ್ತರಿಸಿ ಎಳೆದದ್ದನ್ನು ವರದಿ ಮಾಡಿದ್ದ. ಅವನದು ಬಲ ಹಾಕಿ ಒಮ್ಮೆಗೇ ಎಳೆಯುವ ವಿಧಾನ. ಎಲುಬು ಸರಿಯಿತು; ನರ, ರಕ್ತನಾಳ, ಚರ್ಮ ತಡೆದುಕೊಳ್ಳಲಿಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಸೈಬೀರಿಯಾದ ಕುರ್ಗಾನ್ ಪ್ರಾಂತದಲ್ಲಿ ಗವ್ರೀಲ್ ಇಲಿಜರೋವ್ ಎಂಬ ಹಳ್ಳಿಯ ಡಾಕ್ಟರ ಬಳಿ ಗಾಯಾಳು ಸೈನಿಕರು ಕೂಡದ ಎಲುಬುಗಳನ್ನು ಹೊತ್ತುಕೊಂಡು ಬರುತ್ತಿದ್ದರು. ಅವರಿಗಾಗಿ ಅವನು ಕಟ್ಟಿದ ಚೌಕಟ್ಟು ಇದು: ಕಾಲಿನ ಸುತ್ತ ಉಕ್ಕಿನ ಬಳೆಗಳು, ಬಳೆಯಿಂದ ಬಳೆಗೆ ಸರಳುಗಳು, ಎಲುಬಿನೊಳಗಿಂದ ಅಡ್ಡಹಾಯುವ ತೆಳುತಂತಿಗಳು. ಮೊದಮೊದಲು ಸೈಕಲ್ಲಿನ ಕಡ್ಡಿಗಳನ್ನೇ ಬಳಸಿದ್ದನೆಂದು ಹೇಳುತ್ತಾರೆ. ಮುರಿದ ತುಂಡುಗಳನ್ನು ಒತ್ತಿಹಿಡಿದು ಕೂಡಿಸುವುದು ಮೂಲ ಉದ್ದೇಶ. ಒಬ್ಬ ರೋಗಿ ನಟ್ಟನ್ನು ಉಲ್ಟಾ ತಿರುಗಿಸಿಬಿಟ್ಟ, ಬಿರುಕು ಅಗಲವಾಯಿತು, ಎಕ್ಸ್‌ರೇ ತೆಗೆದು ನೋಡಿದರೆ ಆ ಸಂದಿಯಲ್ಲಿ ಹೊಸ ಎಲುಬು ಹುಟ್ಟುತ್ತಿತ್ತು ಎನ್ನುವ ಕಥೆ ಎಲುಬಿನ ಡಾಕ್ಟರುಗಳ ನಡುವೆ ಇವತ್ತಿಗೂ ಓಡಾಡುತ್ತದೆ.

ಮಾಸ್ಕೋದ ದೊಡ್ಡ ಡಾಕ್ಟರುಗಳು ಇವನನ್ನು ಬಹುಕಾಲ ಗಣನೆಗೇ ತೆಗೆದುಕೊಳ್ಳಲಿಲ್ಲ. 1964ರ ಟೋಕಿಯೋ ಒಲಿಂಪಿಕ್ಸಿನಲ್ಲಿ ಎತ್ತರ ಜಿಗಿತದ ಚಿನ್ನ ಗೆದ್ದ ವಲೇರಿ ಬ್ರುಮೆಲ್ ಮರುವರ್ಷ ಮೋಟಾರ್‌ಸೈಕಲ್ ಅಪಘಾತದಲ್ಲಿ ಕಾಲು ಜಜ್ಜಿಕೊಂಡ. ಆಪರೇಷನ್ ಮೇಲೆ ಆಪರೇಷನ್ ಆದರೂ ಎಲುಬು ಕೂಡಲಿಲ್ಲ. ಕಡೆಗೆ 1968ರಲ್ಲಿ ಕುರ್ಗಾನಿಗೆ ಹೋದ, ಗುಣವಾಗಿ ಮತ್ತೆ ಎರಡು ಮೀಟರ್ ಮೇಲೆ ಜಿಗಿದ. ಸೋವಿಯತ್ ದೇಶವೆಲ್ಲ ಇಲಿಜರೋವ್ ಹೆಸರು ಕೇಳಿದ್ದು ಆಗ. ಹೊರಗಿನ ಪ್ರಪಂಚಕ್ಕೆ ಗೊತ್ತಾದದ್ದು ಇನ್ನೂ ತಡ. ಕಾರ್ಲೋ ಮೌರಿ ಎಂಬ ಇಟಲಿಯ ಸಾಹಸಿ 1980ರಲ್ಲಿ ಕುರ್ಗಾನಿಗೆ ಹೋಗಿ ಸೊಟ್ಟ ಕಾಲು ನೆಟ್ಟಗೆ ಮಾಡಿಸಿಕೊಂಡು ಬಂದ. ಅವನ ಡಾಕ್ಟರುಗಳು ಬೆರಗಾಗಿ 1981ರಲ್ಲಿ ಇಲಿಜರೋವನನ್ನು ಬೆಲಾಜಿಯೋ ಊರಿನ ಸಮ್ಮೇಳನಕ್ಕೆ ಕರೆಸಿಕೊಂಡರು.

ಇಲಿಜರೋವನ ದೊಡ್ಡ ಶೋಧ ಬಳೆಯಲ್ಲ, ವೇಗ. ನಾಯಿಗಳ ಮೇಲೆ ಅವನು ನಡೆಸಿದ ಪ್ರಯೋಗಗಳು 1989ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾದವು. ದಿನಕ್ಕೆ ಅರ್ಧ ಮಿಲಿಮೀಟರ್ ಎಳೆದರೆ ಎಲುಬು ಹೊತ್ತಿಗೆ ಮುಂಚೆ ಕೂಡಿಕೊಂಡು ಎಳೆತ ನಿಂತುಬಿಡುತ್ತದೆ. ಎರಡು ಮಿಲಿಮೀಟರ್ ಎಳೆದರೆ ಸಂದಿಯಲ್ಲಿ ಎಲುಬೇ ಸರಿಯಾಗಿ ಹುಟ್ಟುವುದಿಲ್ಲ. ಒಂದು ಮಿಲಿಮೀಟರ್ ಹದ. ಆ ಒಂದನ್ನೂ ಒಮ್ಮೆಗೇ ಎಳೆಯುವುದಕ್ಕಿಂತ ಕಾಲು ಮಿಲಿಮೀಟರಿನಂತೆ ನಾಲ್ಕು ಸಲ ಎಳೆದರೆ ಒಳ್ಳೆಯದು. ಎಲುಬು ಕತ್ತರಿಸುವಾಗ ಅದರ ಮೇಲುಪೊರೆಗೂ ಒಳಗಿನ ರಕ್ತ ಸಂಚಾರಕ್ಕೂ ಆದಷ್ಟು ಪೆಟ್ಟಾಗಬಾರದು. ಕತ್ತರಿಸಿದ ಮೇಲೆ ಐದರಿಂದ ಏಳು ದಿನ ಸುಮ್ಮನಿರಬೇಕು, ಆಮೇಲೆ ಎಳೆಯಲು ಶುರು. 1921ರಲ್ಲಿ ಹುಟ್ಟಿ 1992ರಲ್ಲಿ ತೀರಿಕೊಂಡ ಈ ಮನುಷ್ಯನ ನಿಯಮ, ಮೋಟಾರು ಅಯಸ್ಕಾಂತ ಇಟ್ಟು ಎಲುಬಿನೊಳಗೆ ಕೂರಿಸುವ ಇವತ್ತಿನ ರಾಡುಗಳಿಗೂ ಬದಲಾಗಿಲ್ಲ. ದುಡ್ಡು ಕೊಟ್ಟರೆ ಬೇಗ ಆಗುವ ಪೈಕಿ ಅಲ್ಲ ಇದು.

ಈಗ 164ರ ಹುಡುಗನ ಲೆಕ್ಕ ಹಾಕೋಣ. ನಾಲ್ಕು ಸೆಂಟಿಮೀಟರ್ ಅಂದರೆ ನಲವತ್ತು ದಿನ ಎಳೆತ, ಮುಂಚಿನ ವಾರ ಸೇರಿ ಒಂದೂವರೆ ತಿಂಗಳು. ಅಷ್ಟಕ್ಕೆ ಅಳತೆಪಟ್ಟಿಯಲ್ಲಿ 168 ಬರುತ್ತದೆ. ಆದರೆ ಆ ನಾಲ್ಕು ಸೆಂಟಿಮೀಟರ್ ಇನ್ನೂ ಎಲುಬಲ್ಲ. ಎಕ್ಸ್‌ರೇಯಲ್ಲಿ ಮೇಲೊಂದು ಕೆಳಗೊಂದು ಗಟ್ಟಿ ಬಿಳಿ ತುಂಡು, ನಡುವೆ ಮಬ್ಬು ಮಬ್ಬಾದ ಉದ್ದುದ್ದ ಗೆರೆಗಳು, ಆ ಗೆರೆಗಳ ಮಧ್ಯಕ್ಕೆ ಏನೂ ಕಾಣದ ಒಂದು ಕಪ್ಪು ಪಟ್ಟಿ. ಎಳೆತ ನಿಂತ ಮೇಲೆ ಆ ಕಪ್ಪು ಪಟ್ಟಿ ಕಿರಿದಾಗುತ್ತ ಹೋಗಿ, ಗೆರೆಗಳು ಸೇರಿ, ಹೊರಗೋಡೆ ಕಟ್ಟಿಕೊಳ್ಳಬೇಕು. ವಾಡಿ, ಸೇಡಂ, ಮಳಖೇಡ ಸಿಮೆಂಟಿನ ಊರುಗಳು. ಹಾಕಿದ ಸ್ಲ್ಯಾಬು ಅಂದೇ ಸ್ಲ್ಯಾಬಾಗುವುದಿಲ್ಲ, ಕ್ಯೂರಿಂಗ್ ಬೇಕು ಅಂತ ಅಲ್ಲಿಯವರಿಗೆ ಹೇಳಿಕೊಡಬೇಕಿಲ್ಲ. ಎಲುಬಿಗೂ ಹಾಗೇ, ಆದರೆ ಒಂದು ವ್ಯತ್ಯಾಸವಿದೆ: ಸ್ಲ್ಯಾಬು ಬಲಿಯುವ ತನಕ ಭಾರ ಹಾಕಬಾರದು, ಎಲುಬು ಬಲಿಯಬೇಕಾದರೆ ಹದವರಿತು ಭಾರ ಬೀಳಲೇಬೇಕು. ಎಷ್ಟು ಭಾರ, ಯಾವ ವಾರದಿಂದ ಎನ್ನುವುದು ಎಕ್ಸ್‌ರೇ ನೋಡಿದ ಡಾಕ್ಟರ ತೀರ್ಮಾನ. ವಯಸ್ಕರಲ್ಲಿ ಉದ್ದವಾದ ಪ್ರತಿ ಸೆಂಟಿಮೀಟರಿಗೆ ಒಟ್ಟು ಒಂದರಿಂದ ಒಂದೂವರೆ ತಿಂಗಳು ಹಿಡಿದುಕೊಳ್ಳುವುದು ರೂಢಿ. ಬೀಡಿ ಸಿಗರೇಟು ಸೇದುವವರಿಗೆ ಇನ್ನೂ ಹೆಚ್ಚು.

ಪೊಲೀಸ್ ಕನಸಿನ ಕಥೆ ಇಲ್ಲೇ ಮುಗಿಯುತ್ತದೆ. ಎತ್ತರ ಅಳೆದ ದಿನವೇ 1600 ಮೀಟರನ್ನು ಆರೂವರೆ ನಿಮಿಷದೊಳಗೆ ಓಡಬೇಕು, ಜಿಗಿಯಬೇಕು, ಗುಂಡು ಎಸೆಯಬೇಕು. ಅದಾದ ಮೇಲೆ ವೈದ್ಯಕೀಯ ತಪಾಸಣೆ. ಸೇನೆಯ ಕಡೆ ಹೋಗುವವರಿಗೆ ಎಲುಬಿನೊಳಗೆ ಉಳಿದ ಲೋಹವೇ ಅನರ್ಹತೆಗೆ ಕಾರಣವಾಗುತ್ತದೆ. ನಾಲ್ಕು ಸೆಂಟಿಮೀಟರ್ ಗಳಿಸಲು ಹೋಗಿ ಓಟ ಕಳೆದುಕೊಳ್ಳುವ ವ್ಯಾಪಾರ ಇದು. ನೌಕರಿಗಾಗಿ ಬಂದೆ ಎನ್ನುವ ಹುಡುಗನಿಗೆ ಇದನ್ನು ಮೊದಲ ಭೇಟಿಯಲ್ಲೇ ಹೇಳಿ ವಾಪಸು ಕಳಿಸುವವರು ಒಳ್ಳೆಯ ಡಾಕ್ಟರು.

ಇನ್ನು ಊರಿನ ಮಾತು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಈ ಐದೂ ಕಡೆ ಕಾಲು ಉದ್ದ ಮಾಡುವ ಆಪರೇಷನ್ ಹುಡುಕುವುದು ವ್ಯರ್ಥ. ತಾಲ್ಲೂಕು ಆಸ್ಪತ್ರೆಗಳು ಇರುವುದು ಆ ಕೆಲಸಕ್ಕಲ್ಲ. ದೊಡ್ಡ ಕಾಯಿಲೆಯೆಂದರೆ ಇಲ್ಲಿಯ ಜನ ಮೂರು ದಿಕ್ಕಿಗೆ ಹೊರಡುತ್ತಾರೆ. ಮೊದಲು ಕಲಬುರಗಿ: ಜಿಮ್ಸ್, ಇಎಸ್‌ಐ, ಬಸವೇಶ್ವರ, ಖಾಜಾ ಬಂದಾ ನವಾಜ್ ಎಂದು ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳೇ ನಾಲ್ಕಿವೆ. ಶಹಾಬಾದ, ವಾಡಿಯವರು ರೈಲು ಹತ್ತಿ ಸೋಲಾಪುರಕ್ಕೂ ಹೋಗುತ್ತಾರೆ. ಸೇಡಂ, ಚಿತ್ತಾಪುರದವರ ಕಾಲು ಹೈದರಾಬಾದಿನ ಕಡೆಗೆ ತಾನಾಗಿ ಎಳೆಯುತ್ತದೆ. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು 1874ರಲ್ಲೇ ಬಂತು, ಚಿತ್ತಾಪುರ, ಸೇಡಂ ದಾಟಿ ತಾಂಡೂರಿನ ಮೇಲೆ ಹೋಗುವ ಆ ಹಳಿ ಇವತ್ತಿಗೂ ದವಾಖಾನೆಯ ದಾರಿ. ಹೈದರಾಬಾದಿನ ನಿಮ್ಸ್ ಆಸ್ಪತ್ರೆ ಹುಟ್ಟಿದ್ದೇ 1960ರ ದಶಕದಲ್ಲಿ, ನಿಜಾಮರ ದತ್ತಿಯಿಂದ, ಎಲುಬಿನ ಆಸ್ಪತ್ರೆಯಾಗಿ. ಚಿಂಚೋಳಿಗೆ ರೈಲಿಲ್ಲ, ಅಲ್ಲಿಯವರು ರಸ್ತೆಯಲ್ಲಿ ತಾಂಡೂರಿಗೋ ಜಹೀರಾಬಾದಿಗೋ ಮುಟ್ಟಿ ಮುಂದೆ ಹೋಗುತ್ತಾರೆ. ಬೆಂಗಳೂರು ಆರುನೂರು ಕಿಲೋಮೀಟರ್ ಆಚೆ. ರಾಜಧಾನಿ ಎನ್ನುವುದು ಬಿಟ್ಟರೆ ಈ ಕೆಲಸಕ್ಕೆ ಅದು ನಮಗೆ ದೂರದ ಊರು.

ದೂರ ಯಾಕೆ ಲೆಕ್ಕಕ್ಕೆ ಬರುತ್ತದೆ ನೋಡಿ. ಎಳೆತ ನಡೆಯುವಷ್ಟು ಕಾಲ ಹತ್ತು ಹದಿನೈದು ದಿನಕ್ಕೊಮ್ಮೆಯಾದರೂ ಡಾಕ್ಟರು ಕಾಲನ್ನು ಕಣ್ಣಾರೆ ನೋಡಬೇಕು. ಎಕ್ಸ್‌ರೇ ತೆಗೆಸಿ ವಾಟ್ಸಾಪಿನಲ್ಲಿ ಕಳಿಸುತ್ತೇನೆ, ಸಾಕಲ್ಲ ಎಂದು ಕೇಳುವವರಿದ್ದಾರೆ. ಎಕ್ಸ್‌ರೇಯಲ್ಲಿ ಎಲುಬು ಕಾಣುತ್ತದೆ, ನರ ಕಾಣುವುದಿಲ್ಲ. ಮೊಣಕಾಲಿನ ಹೊರಬದಿಯಲ್ಲಿ ಸುತ್ತಿ ಕೆಳಗಿಳಿಯುವ ನರವೊಂದಿದೆ, ಪಾದವನ್ನು ಮೇಲಕ್ಕೆತ್ತುವ ಸ್ನಾಯುಗಳಿಗೆ ಅಪ್ಪಣೆ ಹೋಗುವುದು ಅದರಿಂದ. ಎಳೆತ ಜಾಸ್ತಿಯಾದರೆ ಮೊದಲು ಮುನಿಯುವುದು ಅದೇ. ಅನುಭವಸ್ಥ ಡಾಕ್ಟರು ಬಳೆಗಳ, ಅಂದರೆ ರಿಂಗಿನ, ಕಡೆ ನೋಡುವ ಮೊದಲು ರೋಗಿಯ ಹೆಬ್ಬೆರಳಿನ ಮೇಲೆ ತಮ್ಮ ಬೆರಳಿಟ್ಟು ಮೇಲೆತ್ತು ಎನ್ನುತ್ತಾರೆ. ಹದಿನೈದು ದಿನದ ಹಿಂದಿನಷ್ಟು ಜೋರಿನಿಂದ ಬೆರಳು ಎದ್ದರೆ ಸರಿ. ಸೋತು ಎದ್ದರೆ, ಪಾದದ ಮೇಲ್ಭಾಗ ಜೋಮು ಹಿಡಿದಿದೆ ಅಂದರೆ ಅಂದೇ ಎಳೆತ ನಿಲ್ಲಿಸಬೇಕು ಇಲ್ಲವೇ ನಿಧಾನ ಮಾಡಬೇಕು. ಎರಡು ವಾರ ತಡವಾದರೆ ಪಾದ ಜೋತುಬೀಳುತ್ತದೆ, ಹಾಗೇ ಉಳಿದರೂ ಉಳಿಯಿತು. ಹಾಗೇ ಮೊಣಕಾಲ ಕೆಳಗಿನ ಎಲುಬು ಉದ್ದವಾದಂತೆ ಹಿಮ್ಮಡಿಯ ಸ್ನಾಯುರಜ್ಜು ಬಿಗಿದು ಹಿಮ್ಮಡಿ ನೆಲ ಬಿಟ್ಟೇಳುತ್ತದೆ. ತೊಡೆಯೆಲುಬಾದರೆ ಮೊಣಕಾಲು ಮಡಚದಂತಾಗುತ್ತದೆ. ಇದಕ್ಕೆ ಮದ್ದು ದಿನಕ್ಕೆ ಹಲವು ಬಾರಿ ಫಿಸಿಯೋಥೆರಪಿ, ಕಣ್ಣಲ್ಲಿ ನೀರು ಬರುವಷ್ಟು. ಮನೆಯವರು ಎರಡು ದಿನ ಮಾಡಿಸಿ ಮೂರನೇ ದಿನ ಕರುಣೆ ಬಂದು ಬಿಟ್ಟುಬಿಡುತ್ತಾರೆ. ಹೊರಗಿನವರು ಬಂದು ಮಾಡಿಸಿದರೇ ಒಳ್ಳೆಯದು.

ಕುರ್ಗಾನಿನ ಯಶಸ್ಸಿನ ಗುಟ್ಟುಗಳಲ್ಲಿ ಡಾಕ್ಟರ ಈ ಹತ್ತಿರದ ನಿಗಾವೂ ಒಂದು. 1971ರಲ್ಲಿ ಸ್ಥಾಪನೆಯಾದ ಇಲಿಜರೋವನ ಸಂಸ್ಥೆಯಲ್ಲಿ ರೋಗಿಗಳು ಎಳೆತ ಮುಗಿಯುವ ತನಕ ಡಾಕ್ಟರ ಕಣ್ಣೆದುರೇ ತಿಂಗಳುಗಟ್ಟಲೆ ಉಳಿಯುತ್ತಿದ್ದರು, ರಿಂಗ್ ಸಮೇತ ನಡೆಯುತ್ತಿದ್ದರು. ಮುಂದೆ ಪ್ರಪಂಚವೆಲ್ಲ ಆ ಬಳೆಗಳನ್ನು ಕೊಂಡುಕೊಂಡಿತು. ಆ ವಾಸವನ್ನು ಕೊಂಡುಕೊಳ್ಳಲಿಲ್ಲ.

ಹಾಗಾಗಿ ನನ್ನ ಸಲಹೆ ಹೀಗೆ. ಎಳೆಯುವ ಕಾಲ ಬೇರೆ, ಬಲಿಯುವ ಕಾಲ ಬೇರೆ. ಎಳೆಯುವ ಎರಡು ತಿಂಗಳು ಆಪರೇಷನ್ ಮಾಡಿದ ಡಾಕ್ಟರ ಊರಿನಲ್ಲೇ, ಆಟೋದಲ್ಲಿ ಹೋಗಿ ಬರುವಷ್ಟು ದೂರದಲ್ಲಿ, ನೆಲಮಹಡಿಯ ಬಾಡಿಗೆ ಮನೆ ಮಾಡಿ ಇರಬೇಕು. ಅದರ ಖರ್ಚನ್ನು ಆಪರೇಷನ್ ಖರ್ಚಿಗೆ ಮೊದಲೇ ಸೇರಿಸಿಕೊಳ್ಳಬೇಕು. ಬಲಿಯುವ ಕಾಲದಲ್ಲಿ ತಿಂಗಳಿಗೊಂದು ಎಕ್ಸ್‌ರೇ ಸಾಕು, ಆಗ ಊರಿಗೆ ಬರಬಹುದು. ಆದರೆ ಕಲಬುರಗಿಯಲ್ಲಿ ಒಬ್ಬ ಎಲುಬಿನ ಡಾಕ್ಟರನ್ನು ಆಪರೇಷನ್ನಿಗೆ ಮುಂಚೆಯೇ ಕಂಡು ಒಪ್ಪಿಸಿಟ್ಟುಕೊಂಡಿರಬೇಕು. ಬೇರೆಯವರು ಮಾಡಿದ ಆಪರೇಷನ್ನಿನ ತೊಡಕನ್ನು ಮೈಮೇಲೆ ಎಳೆದುಕೊಳ್ಳಲು ಯಾರೂ ಮುಂದೆ ಬರುವುದಿಲ್ಲ, ಅದು ತಪ್ಪೂ ಅಲ್ಲ. ವೈದ್ಯಕೀಯ ಕಾಲೇಜುಗಳ ಎಲುಬಿನ ವಿಭಾಗಕ್ಕೆ ರಿಂಗ್ ಹಾಕಿದ ಕಾಲು ಹೊಸದೇನಲ್ಲ, ಆಪರೇಷನ್ ಮಾಡುವ ಡಾಕ್ಟರ ಪತ್ರವನ್ನು ಮೊದಲೇ ತೋರಿಸಿದ್ದರೆ ಕೈಬಿಡಲಾರರು. ರಾತ್ರಿ ಹತ್ತಕ್ಕೆ ಜ್ವರ ಬಂದು, ತಂತಿ ಹೊಕ್ಕ ಜಾಗದಲ್ಲಿ ಕೀವಾಗಿ, ಹೈದರಾಬಾದಿನ ಫೋನ್ ಎತ್ತುವವರಿಲ್ಲದಾಗ ಬಾಗಿಲು ತೆರೆಯುವವರು ಅವರೇ.

ಡಾಕ್ಟರನ್ನು ಆರಿಸುವ ಬಗೆ? ಎತ್ತರ ಹೆಚ್ಚಿಸುವುದನ್ನೇ ಬೋರ್ಡಿನಲ್ಲಿ ಬರೆದುಕೊಂಡವರಿಗಿಂತ, ವರ್ಷವಿಡೀ ಕೂಡದ ಎಲುಬು, ಸೊಟ್ಟಾದ ಕಾಲು, ಕೀವು ತುಂಬಿದ ಮುರಿತ ಇಂಥವನ್ನು ನೋಡುವವರು ಮೇಲು. ಶಹಾಬಾದಿನ ಫರ್ಸಿ ಕಲ್ಲಿನ ಖಣಿಯಲ್ಲಿ ಬಂಡೆ ಬಿದ್ದು ಮೊಣಕಾಲ ಕೆಳಗೆ ಎಲುಬು ಹೊರಬಂದು ಕೀವಾದರೆ, ಸತ್ತ ಎಲುಬನ್ನು ಕತ್ತರಿಸಿ ತೆಗೆದು, ಮೇಲಿನ ಒಳ್ಳೆಯ ಎಲುಬಿನ ಒಂದು ತುಂಡನ್ನು ದಿನಕ್ಕೊಂದು ಮಿಲಿಮೀಟರಿನಂತೆ ಕೆಳಕ್ಕೆ ಜರುಗಿಸಿ ಆ ಖಾಲಿ ತುಂಬುತ್ತಾರೆ. ಕಾಲನ್ನೇ ಕತ್ತರಿಸಬೇಕಾಗಿದ್ದ ಕಾರ್ಮಿಕ ನಡೆದು ಹೋಗುತ್ತಾನೆ. ಎತ್ತರಕ್ಕಾಗಿ ಮಾಡುವುದೂ ಇದೇ ವಿದ್ಯೆ. ಕೆಟ್ಟದ್ದನ್ನು ರಿಪೇರಿ ಮಾಡಿ ಪಳಗಿದ ಕೈಗೆ, ತಾನು ಮಾಡಿದ್ದು ಕೆಟ್ಟಾಗಲೂ ಏನು ಮಾಡಬೇಕೆಂದು ಗೊತ್ತಿರುತ್ತದೆ. ಎಂ.ಎಸ್. ಅಥವಾ ಡಿ.ಎನ್.ಬಿ. ಆರ್ಥೋಪೆಡಿಕ್ಸ್ ಇದೆಯೇ, ಮೆಡಿಕಲ್ ಕೌನ್ಸಿಲಿನಲ್ಲಿ ನೋಂದಣಿ ಇದೆಯೇ ಎಂಬುದನ್ನು ನೋಡುವುದು ಎರಡು ನಿಮಿಷದ ಕೆಲಸ, ಅದಂತೂ ಮಾಡಲೇಬೇಕು. ಚರ್ಮದ, ಪ್ಲಾಸ್ಟಿಕ್ ಸರ್ಜರಿಯ ಕ್ಲಿನಿಕ್ಕಿನಲ್ಲಿ ಹೊರಗಿನಿಂದ ಡಾಕ್ಟರನ್ನು ಕರೆಸಿ ಮಾಡಿಸುತ್ತೇವೆ ಎಂದರೆ ಎದ್ದು ಬನ್ನಿ. ಮರುದಿನ ಆ ಡಾಕ್ಟರು ಬೇರೆ ಊರಿನಲ್ಲಿರುತ್ತಾರೆ.

ಎಷ್ಟು ಆಪರೇಷನ್ ಮಾಡಿದ್ದೀರಿ ಎಂದು ಎಲ್ಲರೂ ಕೇಳುತ್ತಾರೆ, ಉತ್ತರ ಯಾವಾಗಲೂ ದೊಡ್ಡದೇ ಇರುತ್ತದೆ. ಎಷ್ಟು ಮಂದಿಯನ್ನು ಕೊನೆಯ ತನಕ ನೋಡಿಕೊಂಡಿರಿ, ಅವರಲ್ಲಿ ಎಷ್ಟು ಮಂದಿ ಯೋಜನೆಯಲ್ಲಿಲ್ಲದ ಇನ್ನೊಂದು ಆಪರೇಷನ್ನಿಗೆ ವಾಪಸು ಬಂದರು ಎಂದು ಕೇಳಿ. ಈ ಕ್ಷೇತ್ರದ ದೊಡ್ಡ ಹೆಸರು ಡ್ರೋರ್ ಪೇಲಿ 1990ರಲ್ಲೇ ತೊಂದರೆಗಳನ್ನು ಮೂರು ಬಗೆಯಾಗಿ ವಿಂಗಡಿಸಿದರು: ಮದ್ದಿನಿಂದ, ವ್ಯಾಯಾಮದಿಂದ ಹೋಗುವಂಥವು, ಮತ್ತೆ ಆಪರೇಷನ್ ಬೇಡುವಂಥವು, ಚಿಕಿತ್ಸೆ ಮುಗಿದರೂ ಉಳಿದುಬಿಡುವಂಥವು. ಮೊದಲ ಬಗೆಯದು ಆಗದ ರೋಗಿ ಅಪರೂಪ. ನನ್ನ ರೋಗಿಗಳಿಗೆ ಏನೂ ಆಗಿಲ್ಲ ಎನ್ನುವ ಡಾಕ್ಟರು ಒಂದೋ ಕೆಲಸ ಮಾಡಿಲ್ಲ, ಇಲ್ಲವೇ ಲೆಕ್ಕ ಇಟ್ಟಿಲ್ಲ. ನಾಲ್ಕೈದು ಸೆಂಟಿಮೀಟರ್ ಸಾಕು ಎನ್ನುವವರನ್ನು ನಂಬಿ. ಒಂದೇ ಸಲಕ್ಕೆ ಹತ್ತು ಕೊಡುತ್ತೇನೆ ಎನ್ನುವವರ ಹತ್ತಿರ ಹೋಗಬೇಡಿ. ಎಲುಬು ಒಪ್ಪಿದರೂ ನರ, ಸ್ನಾಯು ಒಪ್ಪುವುದಿಲ್ಲ. ಕನ್ನಡಿಯಲ್ಲಿ ತನ್ನನ್ನು ತಾನು ಸರಿಯಾಗಿ ಕಾಣಲಾಗದ ಮನೋವ್ಯಥೆ ಕೆಲವರಿಗಿರುತ್ತದೆ. ಅಂಥವರಿಗೆ ಎಷ್ಟು ಉದ್ದವಾದರೂ ಸಮಾಧಾನವಾಗುವುದಿಲ್ಲ. ಅದಕ್ಕೇ ಎಚ್ಚರದ ಡಾಕ್ಟರು ಮಾನಸಿಕ ತಜ್ಞರ ಭೇಟಿಯನ್ನು ಷರತ್ತಾಗಿ ಇಡುತ್ತಾರೆ. ಇಂಥ ಎಚ್ಚರವಿಲ್ಲದೆ ಸಿಕ್ಕಸಿಕ್ಕಲ್ಲಿ ನಡೆದ ಆಪರೇಷನ್ನುಗಳಿಂದ ಕಾಲು ಕೆಡಿಸಿಕೊಂಡವರು ಹೆಚ್ಚಾಗಿ, ಚೀನಾ 2006ರಲ್ಲಿ ಅಂದಕ್ಕಾಗಿ ಕಾಲು ಉದ್ದ ಮಾಡುವುದನ್ನೇ ನಿಷೇಧಿಸಿತು.

ರಿಂಗೋ ರಾಡೋ ಎನ್ನುವುದು ಡಾಕ್ಟರನ್ನು ಆರಿಸುವುದಕ್ಕಿಂತ ಚಿಕ್ಕ ಪ್ರಶ್ನೆ. ರಿಂಗ್ ಅಗ್ಗ, ಎಲ್ಲ ಕಡೆ ಗೊತ್ತು, ಕೆಟ್ಟರೆ ಹೊರಗಿನಿಂದಲೇ ಸರಿಪಡಿಸಬಹುದು; ಆದರೆ ತಂತಿ ಚರ್ಮ ದಾಟುವ ಒಂದೊಂದು ತೂತನ್ನೂ ದಿನಾ ತೊಳೆಯಬೇಕು. ಕಲಬುರಗಿ ಜಿಲ್ಲೆಯ ಬೇಸಿಗೆ 42 ಡಿಗ್ರಿ ದಾಟುತ್ತದೆ, ಬೆವರು, ಧೂಳು ಎರಡೂ ಸೇರಿದರೆ ಕೀವಿಗೆ ಹೊತ್ತು ಬೇಕಿಲ್ಲ. ಮಾಡಿಸಲೇಬೇಕೆಂದರೆ ದೀಪಾವಳಿಯ ಹೊತ್ತಿಗೆ ಶುರು ಮಾಡುವುದು ಜಾಣತನ. ಎಲುಬಿನೊಳಗೆ ರಾಡು ಕೂರಿಸಿ ಅದರ ಮೇಲೆ ರಿಂಗ್ ಹಾಕಿ, ಎಳೆತ ಮುಗಿದೊಡನೆ ರಿಂಗ್ ಬಿಚ್ಚುವ ಮಧ್ಯಮ ದಾರಿ ಒಂದುಂಟು. ಪೂರ್ತಿ ಒಳಗೇ ಇದ್ದು, ಹೊರಗಿನ ಅಯಸ್ಕಾಂತದಿಂದ ಉದ್ದವಾಗುವ ಪ್ರಿಸೈಸ್‌ನಂಥ ರಾಡುಗಳು 2011ರಿಂದ ಬಂದಿವೆ, ಬೆಲೆ ಬಹಳ ಮೇಲೆ. ಹೊಸದೆಲ್ಲ ಒಳ್ಳೆಯದು ಎನ್ನುವವರಿಗೆ ಸ್ಟ್ರೈಡ್ ಎಂಬ ರಾಡಿನ ಸಂಗತಿ ಹೇಳಬೇಕು. ಪೂರ್ತಿ ಭಾರ ಹಾಕಿ ನಡೆಯಬಹುದು ಎಂದು 2018ರಲ್ಲಿ ಬಂತು. ಜೋಡಣೆಯ ಜಾಗದಲ್ಲಿ ಲೋಹ ಸವೆದು ತುಕ್ಕು ಹಿಡಿದು ಸುತ್ತಲಿನ ಎಲುಬು ಕರಗುತ್ತಿರುವುದು ಕಂಡುಬಂದು 2021ರಲ್ಲಿ ಕಂಪನಿ ಹಿಂದಕ್ಕೆ ತೆಗೆದುಕೊಂಡಿತು. ಇನ್ನು ಎರಡೂ ತೊಡೆಯೆಲುಬಿಗೆ ಒಂದೇ ದಿನ ರಾಡು ಕೂರಿಸಲು ಕೊರೆಯುವಾಗ ಮಜ್ಜೆಯ ಕೊಬ್ಬು ರಕ್ತಕ್ಕೆ ಸೇರಿ ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಬಂತು. ಆದ್ದರಿಂದ ಐಸಿಯು ಇಲ್ಲದ ಆಸ್ಪತ್ರೆ ಲೆಕ್ಕಕ್ಕೇ ಬೇಡ.

ಊರಿಗೆ ಬಂದ ಮೇಲಿನ ಮನೆಯನ್ನೂ ಒಮ್ಮೆ ಕಣ್ಮುಂದೆ ತಂದುಕೊಳ್ಳಿ. ಈ ಕಡೆಯ ಮನೆಗಳ ನೆಲ ಫರ್ಸಿಯದು. ಬೇಸಿಗೆಯಲ್ಲಿ ತಂಪು, ಒದ್ದೆಯಾದರೆ ಜಾರುತ್ತದೆ. ವಾಕರಿನ ರಬ್ಬರು ಸವೆದಿದ್ದರೆ ಇನ್ನೂ ಜಾರುತ್ತದೆ. ಬಾಗಿಲಿಗೆ ಎತ್ತರದ ಹೊಸ್ತಿಲು, ಬಚ್ಚಲು ಹಿತ್ತಲಲ್ಲಿ, ಪಾಯಖಾನೆಯಲ್ಲಿ ಕುಕ್ಕರಗಾಲಲ್ಲಿ ಕೂರಬೇಕು. ಎರಡೂ ಕಾಲಿನ ಎಲುಬು ಕತ್ತರಿಸಿಕೊಂಡವನಿಗೆ ಊರುವುದಕ್ಕೆ ಒಳ್ಳೆಯ ಕಾಲೇ ಇಲ್ಲ. ಬಿದ್ದರೆ ಬಲಿಯದ ಎಲುಬು ಬಾಗುತ್ತದೆ, ಇಲ್ಲವೇ ಮುರಿಯುತ್ತದೆ. ಕಮೋಡ್ ಕುರ್ಚಿ, ಗೋಡೆಗೆ ಹಿಡಿ, ಹೊಸ್ತಿಲಿಗೆ ಇಳಿಜಾರು ಹಲಗೆ ಇವೆಲ್ಲ ಆಪರೇಷನ್ನಿನ ಹಿಂದಿನ ವಾರ ಆಗಬೇಕಾದ ಕೆಲಸ. ಎತ್ತರದ ಮೆಟ್ಟಿಲಿನ ಬಸ್ಸು ಕನಸಿನ ಮಾತು. ರೈಲೂ ಸುಲಭವಲ್ಲ, ವಾಡಿ ಜಂಕ್ಷನ್ನಿನಲ್ಲಿ ಪ್ಲಾಟ್‌ಫಾರ್ಮ್ ಬದಲಿಸಬೇಕಾಗಿ ಬಂದರೆ ಆಯಿತು. ಕಾರಿನ ಬಾಡಿಗೆಯೂ ಆಪರೇಷನ್ ಖರ್ಚೇ.

ಖರ್ಚು ಹಲವು ಲಕ್ಷ, ಪೂರಾ ಕೈಯಿಂದ. ಅಂದಕ್ಕಾಗಿ ಮಾಡಿಸಿಕೊಂಡದ್ದಕ್ಕೆ ವಿಮೆ ದುಡ್ಡು ಕೊಡುವುದಿಲ್ಲ, ಆಯುಷ್ಮಾನ್ ಕಾರ್ಡೂ ನಡೆಯುವುದಿಲ್ಲ. ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿರುತ್ತದೆ. ಸೇಡಂನವರಿಗೆ ಕನ್ನಡ, ತೆಲುಗು, ಉರ್ದು ಮೂರೂ ಬರುವುದರಿಂದ ಹೈದರಾಬಾದಿನ ಡಾಕ್ಟರ ಜೊತೆ ಮಾತಿಗೆ ತೊಡಕಿಲ್ಲ, ತೊಡಕಿರುವುದು ಸಹಿ ಹಾಕುವ ಕಾಗದದಲ್ಲಿ. ಯಾವ ಆಪರೇಷನ್, ಅದರ ಅಪಾಯವೇನು, ಬೇರೆ ದಾರಿ ಏನು ಎಂದು ತಿಳಿಸಿ ಪಡೆದದ್ದೇ ಒಪ್ಪಿಗೆ ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಹೇಳಿದೆ. ಹಾಗಾಗಿ ಓದಿ ಹೇಳಿ ಎಂದು ಕೇಳುವುದಕ್ಕೆ ಸಂಕೋಚ ಬೇಡ, ಒಂದು ಪ್ರತಿ ಮನೆಗೆ ತನ್ನಿ. 2019ರ ಗ್ರಾಹಕ ರಕ್ಷಣಾ ಕಾಯ್ದೆ ದೂರದವರಿಗೆ ಒಂದು ಅನುಕೂಲ ಮಾಡಿಕೊಟ್ಟಿದೆ: ಚಿಕಿತ್ಸೆ ಬೇರೆ ರಾಜ್ಯದಲ್ಲಾಗಿದ್ದರೂ ದೂರುದಾರ ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಸೇಡಂನವರು ಕಲಬುರಗಿಯಲ್ಲೇ ಕೊಡಬಹುದು.

ಒಂದು ಬಾಬತ್ತು ಬಹುತೇಕ ಅಂದಾಜುಪಟ್ಟಿಗಳಲ್ಲಿ ಬಿಟ್ಟುಹೋಗಿರುತ್ತದೆ, ಅದು ರಾಡು ತೆಗೆಯುವುದು. ಎಲುಬು ಪೂರ್ತಿ ಬಲಿತ ಮೇಲೆ, ಸಾಮಾನ್ಯವಾಗಿ ವರ್ಷ ಒಂದೂವರೆ ವರ್ಷಕ್ಕೆ, ಉದ್ದ ಮಾಡುವ ರಾಡನ್ನು ಇನ್ನೊಂದು ಆಪರೇಷನ್ ಮಾಡಿ ಹೊರತೆಗೆಯಬೇಕು. ಒಂದೊಂದು ಕಂಪನಿಯ ರಾಡಿಗೆ ಅದರದೇ ಸಲಕರಣೆ ಬೇಕು, ಎಲ್ಲ ಆಸ್ಪತ್ರೆಯಲ್ಲೂ ಇರುವುದಿಲ್ಲ. ಡಿಸ್ಚಾರ್ಜ್ ಆಗುವಾಗ ರಾಡಿನ ಡಬ್ಬಿಯ ಮೇಲಿದ್ದ ಸ್ಟಿಕರನ್ನು, ಕಂಪನಿ, ಅಳತೆ, ಬ್ಯಾಚ್ ನಂಬರ್ ಎಲ್ಲ ಇರುವಂತೆ, ಡಿಸ್ಚಾರ್ಜ್ ಕಾರ್ಡಿಗೆ ಅಂಟಿಸಿ ಕೊಡಿ ಎಂದು ಕೇಳಿ ಪಡೆದುಕೊಳ್ಳಬೇಕು. ತೆಗೆಯುವ ಖರ್ಚು ಈಗ ಹೇಳಿದ ಮೊತ್ತದಲ್ಲಿ ಸೇರಿದೆಯೋ ಇಲ್ಲವೋ ಎಂಬುದನ್ನೂ ಮುಂಗಡ ಕಟ್ಟುವ ಮೊದಲೇ ಬರೆಸಿಕೊಳ್ಳಬೇಕು.